ಪೊಲೀಸಪ್ಪನ ದೂರು ಬರೆದುಕೊಳ್ಳೋ ಠಾಣೆ ಯಾವುದು?

ಸಂಜೆ ಏಳು ಗಂಟೆ. ಬನಶಂಕರಿ ಬಸ್ ನಿಲ್ದಾಣದ ಮುಂದೆ ಕಾಲಿಡಲು ಜಾಗವಿಲ್ಲ. ಬಸ್ಸು, ಆಟೋ, ಸ್ಕೂಟರು, ತಳ್ಳುಗಾಡಿ, ದೇವಸ್ಥಾನಕ್ಕೆ ಹೊರಟ ಹೂವಿನ ಬುಟ್ಟಿ ಎಲ್ಲವೂ ಒಂದೇ ಕಡೆಗೆ ನುಗ್ಗುತ್ತವೆ. ನಡುವೆ ನಿಂತ ಪೇದೆ ಸೀಟಿ ಊದಿ ಊದಿ ಸುಸ್ತಾಗಿದ್ದಾನೆ. ಆಟೋದವನೊಬ್ಬ ಅರ್ಧ ಅಡಿ ಮುಂದೆ ಬಂದದ್ದೇ ತಡ, ಬೆಂಕಿಯಾಗಿಬಿಟ್ಟ. ಬಾಯಿಗೆ ಬಂದದ್ದೆಲ್ಲ ಬಂತು. ಬಸ್ಸಿಗೆ ಕಾದು ನಿಂತವರು ಮುಖ ಮುಖ ನೋಡಿಕೊಂಡರು.

"ಏನ್ ಗತ್ತು ನೋಡ್ರೀ. ಖಾಕಿ ಹಾಕ್ಕೊಂಡ್ರೆ ಸಾಕು, ಕಣ್ಣು ನೆತ್ತಿ ಮೇಲೆ."

ಇಂಥ ಮಾತು ನಗರದ ಯಾವ ಬಸ್ ಸ್ಟಾಪಿನಲ್ಲಿ ಕೇಳುವುದಿಲ್ಲ? ಗತ್ತು ಇರುವವರು ಇಲ್ಲವೆಂದಲ್ಲ. ಲಂಚ ಮುಟ್ಟುವವರು, ಬಡವರ ಮೇಲೆ ಕೈ ಮಾಡುವವರು ಇದ್ದಾರೆ. ಅವರ ಮಾತು ಬೇರೆ. ಆದರೆ ಈ ಪೇದೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಟ್ಟ, ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದ, ಮಕ್ಕಳ ಜೊತೆ ಕೂತು ಊಟ ಮಾಡಿ ಎಷ್ಟು ದಿನವಾಯಿತು ಎಂದು ಯಾರೂ ಕೇಳುವುದಿಲ್ಲ. ಮೇಲಿನವರೂ ಕೇಳುವುದಿಲ್ಲ, ಕೆಳಗಿನವರೂ ಕೇಳುವುದಿಲ್ಲ.

ಗಡಿಯಾರವಿಲ್ಲದ ನೌಕರಿ

ಅಂಗಡಿಗೆ ಬಾಗಿಲು ಹಾಕುವ ಹೊತ್ತೊಂದಿದೆ. ಬ್ಯಾಂಕಿಗೆ, ಕಚೇರಿಗೆ, ಕಾರ್ಖಾನೆಗೆ ಇದೆ. ಬಸ್ಸಿನ ಡ್ರೈವರಿಗೂ ಡಿಪೋಗೆ ಗಾಡಿ ಬಿಡುವ ಹೊತ್ತೊಂದಿದೆ. ಪೊಲೀಸ್ ಠಾಣೆಗೆ ಇಲ್ಲ. 1861ರಲ್ಲಿ ಬ್ರಿಟಿಷರು ಮಾಡಿದ ಪೊಲೀಸ್ ಕಾಯ್ದೆಯ 22ನೇ ಕಲಮು, ಪೊಲೀಸನಾದವನು ಸದಾಕಾಲ ಕರ್ತವ್ಯದ ಮೇಲೆಯೇ ಇದ್ದಾನೆಂದು ಬರೆದಿಟ್ಟಿತು. ಬರೆದವರು ಹಡಗು ಹತ್ತಿ ಹೋದರು. ಆ ಪದ್ಧತಿ ಇಲ್ಲೇ ಉಳಿಯಿತು.

ಕೇಂದ್ರ ಸರ್ಕಾರದ ಪೊಲೀಸ್ ಸಂಶೋಧನಾ ಸಂಸ್ಥೆಗಾಗಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು 2014ರಲ್ಲಿ ಒಂದು ಅಧ್ಯಯನ ವರದಿ ಕೊಟ್ಟಿತು. ದೇಶದ ಠಾಣೆಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ಸಿಬ್ಬಂದಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಾರೆಂದು ಅದು ಹೇಳಿತು. ತಮ್ಮ ಸಿಬ್ಬಂದಿ ಹನ್ನೊಂದು ಗಂಟೆಗೂ ಮೀರಿ ದುಡಿಯುತ್ತಾರೆಂದು ಒಪ್ಪಿಕೊಂಡ ಠಾಣಾಧಿಕಾರಿಗಳು ನೂರಕ್ಕೆ 68. ತಿಂಗಳಿಗೆ ಒಂದು ವಾರದ ರಜೆಯೂ ಸಿಕ್ಕುವುದಿಲ್ಲ ಎಂದ ಠಾಣಾ ಸಿಬ್ಬಂದಿ ನೂರಕ್ಕೆ 73ಕ್ಕೂ ಹೆಚ್ಚು. ಐದು ವರ್ಷ ಬಿಟ್ಟು, 2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು ದೇಶದ ಪೊಲೀಸರನ್ನೇ ಕೇಳಿ ಇನ್ನೊಂದು ವರದಿ ತಂದವು. ಸರಾಸರಿ ಡ್ಯೂಟಿ ದಿನಕ್ಕೆ 14 ಗಂಟೆ! ಕೆಲಸದ ಹೊರೆಯಿಂದ ದೇಹ, ಮನಸ್ಸು ಎರಡೂ ಕೆಡುತ್ತಿವೆ ಎಂದವರು ನಾಲ್ವರಲ್ಲಿ ಮೂವರು.

ಇದು ಇಡೀ ದೇಶದ ಲೆಕ್ಕ. ನಮ್ಮ ದಕ್ಷಿಣ ಭಾಗದ ಠಾಣೆಗಳಲ್ಲಿ ಈ ಲೆಕ್ಕ ಹೇಗೆ ಬೆಳೆಯುತ್ತದೆಂದು ಅಂಗಡಿ ಕಟ್ಟೆಯ ಮೇಲೆ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಹಾಜರಿ. ಆಮೇಲೆ ಕೋರ್ಟಿಗೆ ಆರೋಪಿಯನ್ನು ಕರೆದೊಯ್ಯಬೇಕು, ಇಲ್ಲವೇ ಸಮನ್ಸ್ ಹಿಡಿದು ಮನೆ ಮನೆ ಅಲೆಯಬೇಕು. ಮಂಗಳವಾರ, ಶುಕ್ರವಾರ ಬನಶಂಕರಿ ದೇವಸ್ಥಾನದ ಮುಂದೆ ನಿಂಬೆಹಣ್ಣಿನ ದೀಪದ ಸಾಲು, ಅಲ್ಲಿ ಜನ ಸಂಭಾಳಿಸಬೇಕು. ಗಣೇಶನ ಹಬ್ಬ ಬಂತೋ ಯಡಿಯೂರು ಕೆರೆಯ ಬಳಿ ಮಧ್ಯರಾತ್ರಿ ಕಳೆದರೂ ವಿಸರ್ಜನೆ ಮುಗಿಯದು. ಕಡ್ಲೆಕಾಯಿ ಪರಿಷೆ ಬಂದರೆ ಬಸವನಗುಡಿ. ನ್ಯಾಷನಲ್ ಕಾಲೇಜು ಮೈದಾನದಲ್ಲಿ ಸಭೆ ನಡೆದರೆ ಮತ್ತೆ ಬಂದೋಬಸ್ತ್. ಇವೆಲ್ಲ ಮುಗಿಸಿ ಠಾಣೆಗೆ ಬಂದರೆ "ರಾತ್ರಿ ಬೀಟಿಗೆ ಜನ ಇಲ್ಲಪ್ಪ, ನೀನೇ ಹೋಗು" ಎಂಬ ಮಾತು ಕಾದಿರುತ್ತದೆ.

ಮಹಿಳಾ ಪೇದೆಯರ ಪಾಡು ಇನ್ನೂ ಒಂದು ಕೈ ಹೆಚ್ಚು. ಬಂದೋಬಸ್ತ್ ಎಂದು ಬೀದಿ ಬದಿ ಎಂಟು ಹತ್ತು ಗಂಟೆ ನಿಲ್ಲಿಸಿದರೆ ಶೌಚಾಲಯಕ್ಕೆ ಎಲ್ಲಿಗೆ ಹೋಗಬೇಕು? ಅದಕ್ಕೆಂದೇ ನೀರು ಕುಡಿಯದೆ ನಿಲ್ಲುವವರಿದ್ದಾರೆ. ಮನೆಗೆ ಹೋದರೆ ಒಲೆ, ಮಕ್ಕಳು, ಅತ್ತೆ ಮಾವ. ಅಲ್ಲಿ ಎರಡನೇ ಪಾಳಿ ಶುರು.

ಪೇದೆಗೆ ಹೀಗಾದರೆ ಇನ್ಸ್‌ಪೆಕ್ಟರಿಗೆ ಇನ್ನೊಂದು ಥರ. ಮೇಲಿನಿಂದ ಸಾಹೇಬರ ಫೋನು, ಪಕ್ಕದಿಂದ ರಾಜಕಾರಣಿಗಳ ಫೋನು, ಕೋರ್ಟಿನಲ್ಲಿ ಛೀಮಾರಿ, ಟಿವಿಯಲ್ಲಿ ಮರ್ಯಾದೆ ಹರಾಜು. ಇವತ್ತು ಇಲ್ಲಿ, ನಾಳೆ ಎಲ್ಲಿಗೆ ವರ್ಗವೋ ಗೊತ್ತಿಲ್ಲ. ಮಗಳ ಪರೀಕ್ಷೆ ಇದೆ ಎಂದು ಹೇಳಿಕೊಳ್ಳಲೂ ಆಗದು.

ಗೇಟಿನವರೆಗೆ ದಾರಿ ಗೊತ್ತು, ಒಳಕ್ಕೆ ಗೊತ್ತಿಲ್ಲ

ಇಲ್ಲಿ ಒಂದು ವಿಚಿತ್ರವಿದೆ. ಇಡೀ ದೇಶಕ್ಕೆ ಮನೋವೈದ್ಯ ಕಲಿಸುವ ನಿಮ್ಹಾನ್ಸ್ ಆಸ್ಪತ್ರೆ ಇರುವುದು ನಮ್ಮ ಪಕ್ಕದಲ್ಲೇ. ಬಿ.ಟಿ.ಎಂ. ಲೇಔಟಿನಿಂದ ಹೊರಟು ಡೈರಿ ಸರ್ಕಲ್ ದಾಟಿದರೆ ಹೊಸೂರು ರಸ್ತೆಯಲ್ಲಿ ಗೇಟು ಕಾಣುತ್ತದೆ. ಆಡುಗೋಡಿಯ ಸಶಸ್ತ್ರ ಮೀಸಲು ಪಡೆಯ ಮೈದಾನಕ್ಕೆ, ಅಲ್ಲಿನ ಪೊಲೀಸ್ ವಸತಿ ಗೃಹಗಳಿಗೆ ಅದು ನೆರೆಮನೆ ಇದ್ದಂತೆ. ಹಿಂದಿನ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ 1974ರಲ್ಲಿ ನಿಮ್ಹಾನ್ಸ್ ಮಾಡಿದರು. ಹೆಸರು ಬದಲಾಗಿ ಐವತ್ತು ವರ್ಷ ಕಳೆದರೂ ಹಳಬರ ಬಾಯಲ್ಲಿ ಅದು 'ಹುಚ್ಚಾಸ್ಪತ್ರೆ'ಯೇ.

ಈ ಗೇಟಿನ ದಾರಿ ಪೊಲೀಸರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನ ಪ್ರಕಾರ, ಬೀದಿಯಲ್ಲಿ ದಿಕ್ಕು ತೋಚದೆ ಅಲೆಯುವ ಮನೋರೋಗಿ ಕಂಡರೆ ರಕ್ಷಣೆ ಕೊಟ್ಟು, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಸೇರಿಸಬೇಕಾದ್ದು ಠಾಣೆಯವರ ಕರ್ತವ್ಯ. ಲಾಕಪ್ಪಿಗೆ ಹಾಕುವಂತಿಲ್ಲ. ಬಸ್ ನಿಲ್ದಾಣದಲ್ಲಿ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಾ ಕೂತ ಹೆಂಗಸನ್ನು, ಮೈಮೇಲೆ ಬಟ್ಟೆಯಿಲ್ಲದೆ ಓಡುವ ಹುಡುಗನನ್ನು ಸಮಾಧಾನ ಮಾಡಿ ಹೊಯ್ಸಳ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವವನು ಇದೇ ಪೊಲೀಸಪ್ಪ. "ಹೆದರ್ಕೋಬೇಡಮ್ಮ, ಡಾಕ್ಟ್ರು ನೋಡ್ತಾರೆ, ಸರಿ ಹೋಗುತ್ತೆ" ಎಂದು ಧೈರ್ಯ ಹೇಳುವವನೂ ಅವನೇ.

ಅದೇ ಮಾತನ್ನು ತನಗೆ ತಾನು ಹೇಳಿಕೊಳ್ಳಲು ಮಾತ್ರ ಅವನಿಗೆ ಬಾಯಿ ಬರುವುದಿಲ್ಲ. ತಾನು ಚೀಟಿ ಮಾಡಿಸಿ ಆ ಬೆಂಚಿನ ಮೇಲೆ ಕೂರುವುದೆಂದರೆ ಮುಗಿದೇ ಹೋಯಿತು ಎಂಬ ಭಾವನೆ.

ಯಾಕೆ? ಹೆದರಿಕೆ ಒಂದೆರಡಲ್ಲ. 'ಅವನು ಮೆಂಟಲ್ ಕಣೋ' ಎಂದು ಠಾಣೆಯಲ್ಲಿ ಹೆಸರು ಬಿದ್ದರೆ ನಿವೃತ್ತಿಯವರೆಗೂ ಅಳಿಸಲಾಗದು. ರಜೆಗೆ ಕೊಡುವ ವೈದ್ಯರ ಚೀಟಿಯ ಮೇಲೆ ಮನೋವೈದ್ಯ ವಿಭಾಗದ ಸೀಲು ಕಂಡರೆ ಬಂದೂಕಿನ ಡ್ಯೂಟಿ ತಪ್ಪಿಸುತ್ತಾರೋ, ಬಡ್ತಿ ತಡೆಯುತ್ತಾರೋ, ಎಲ್ಲಿಗಾದರೂ ಎತ್ತಿ ಹಾಕುತ್ತಾರೋ ಎಂಬ ಅಳುಕು. ಮಗಳಿಗೆ ಗಂಡು ನೋಡುವಾಗ ಸುದ್ದಿ ಹಬ್ಬಿದರೆ? ಇವೆಲ್ಲಕ್ಕಿಂತ ಮೇಲಾಗಿ, ಊರಿಗೆಲ್ಲ ಧೈರ್ಯ ಹೇಳುವ ಪೊಲೀಸನೇ ಅಳುವುದೇ ಎಂಬ ನಾಚಿಕೆ.

2016ರ ಎರಡು ತಿಂಗಳು

ನಮ್ಮ ರಾಜ್ಯದಲ್ಲಿ ಈ ಒಳಗುದಿ ಒಮ್ಮೆ ಬೀದಿಗೆ ಬಂದದ್ದುಂಟು. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವುದಾಗಿ ಪೊಲೀಸರ ಹೆಸರಿನಲ್ಲಿ ಕರೆ ಹೊರಟಿತು. ಸಂಬಳ ಹೆಚ್ಚಿಸಿ, ವಾರಕ್ಕೊಂದು ರಜೆ ಕೊಡಿ, ಸಾಹೇಬರ ಮನೆಗೆಲಸದ ಆರ್ಡರ್ಲಿ ಪದ್ಧತಿ ತೆಗೆಯಿರಿ ಎಂಬವು ಬೇಡಿಕೆಗಳು. ಪೊಲೀಸರಿಗೆ ಇತರ ನೌಕರರ ಹಾಗೆ ಸಂಘ ಕಟ್ಟುವ ಸ್ವಾತಂತ್ರ್ಯವಿಲ್ಲ. 1966ರ ಕೇಂದ್ರ ಕಾಯ್ದೆಯೊಂದು ಆ ಹಕ್ಕಿಗೆ ಕಡಿವಾಣ ಹಾಕಿದೆ. ಕರೆ ಕೊಟ್ಟ ಮುಖಂಡರ ಬಂಧನವಾಯಿತು, ಸರ್ಕಾರ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿತು, ಆ ದಿನ ಮುಷ್ಕರ ನಡೆಯಲಿಲ್ಲ. ಠಾಣೆಗಳು ಎಂದಿನಂತೆ ತೆರೆದವು.

ಮುಂದಿನ ತಿಂಗಳು, ಜುಲೈ 5ರಂದು ಡಿವೈಎಸ್ಪಿ ಕಲ್ಲಪ್ಪ ಹಂಡಿಭಾಗ್, 7ರಂದು ಡಿವೈಎಸ್ಪಿ ಎಂ.ಕೆ. ಗಣಪತಿ ಆತ್ಮಹತ್ಯೆ ಮಾಡಿಕೊಂಡರು. ಮೂರು ದಿನದೊಳಗೆ ಇಬ್ಬರು ಅಧಿಕಾರಿಗಳು. ರಾಜ್ಯ ತಲ್ಲಣಿಸಿತು. ವಿಧಾನಸೌಧದಲ್ಲಿ ಗದ್ದಲ, ಸಚಿವರೊಬ್ಬರ ರಾಜೀನಾಮೆ, ತನಿಖೆಯ ಮೇಲೆ ತನಿಖೆ. ಯಾರು ಕಾರಣ ಎಂಬ ಪ್ರಶ್ನೆ ತಿಂಗಳುಗಟ್ಟಲೆ ಪತ್ರಿಕೆಗಳ ಮುಖಪುಟದಲ್ಲಿತ್ತು. ಆ ಗಲಾಟೆಯಲ್ಲಿ ಇನ್ನೊಂದು ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ: ಕಷ್ಟದಲ್ಲಿರುವ ಪೊಲೀಸನೊಬ್ಬ ಹಿಂದಿನ ದಿನ ಹೋಗಿ ಮನಸ್ಸು ಬಿಚ್ಚಿಕೊಳ್ಳಲು ಇಲಾಖೆಯಲ್ಲಿ ಒಂದು ಕೋಣೆ, ಒಬ್ಬ ಮನುಷ್ಯ ಇದ್ದಾರೆಯೇ?

ಸಂಬಳದ ವಿಷಯ ಮಾತ್ರ ಸ್ವಲ್ಪ ಮುಂದುವರಿಯಿತು. ಹಿರಿಯ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ವರದಿ ಕೊಟ್ಟಿತು. 2019ರ ಆಗಸ್ಟ್‌ನಿಂದ ವೇತನ ಪರಿಷ್ಕರಣೆ ಬಂತು. ಒಳ್ಳೆಯದೇ ಆಯಿತು. 2025ರ ಅಕ್ಟೋಬರಿನಲ್ಲಿ ಪೇದೆಗಳ ತಲೆಯ ಮೇಲಿನ ಹಳೆಯ ಸ್ಲೌಚ್ ಹ್ಯಾಟ್ ತೆಗೆದು ನೀಲಿ ಬಣ್ಣದ ಪೀಕ್ ಕ್ಯಾಪ್ ಕೊಡಲು ಸರ್ಕಾರ ಶುರು ಮಾಡಿತು. ಅದೂ ಒಳ್ಳೆಯದೇ. ಟೋಪಿ ಬದಲಾಯಿತು, ಸರಿ. ಟೋಪಿಯ ಕೆಳಗಿರುವ ತಲೆಯ ಗತಿ ಏನು?

ಇದು ಬರೀ ಬೇಜಾರಲ್ಲ

ಖಿನ್ನತೆ ಎಂದರೆ ಒಂದೆರಡು ದಿನದ ಬೇಜಾರಲ್ಲ. ಎರಡು ವಾರಕ್ಕೂ ಮೀರಿ ದಿನದ ಬಹುಹೊತ್ತು ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ರೆ ಬಾರದೆ ಹೊರಳಾಡುವುದು, ಊಟ ಸೇರದಿರುವುದು, ಏನೂ ಮಾಡದೆಯೇ ದಣಿವು, 'ನಾನು ಯಾತಕ್ಕೂ ಬಾರದವನು' ಎಂಬ ಯೋಚನೆ, ಕೊನೆಗೆ ಬದುಕೇ ಬೇಡವೆನಿಸುವುದು. ಗಂಡಸರಲ್ಲಿ ಇದು ಎಷ್ಟೋ ಸಲ ಅಳುವಾಗಿ ಬರುವುದಿಲ್ಲ. ಸಿಡುಕಾಗಿ ಬರುತ್ತದೆ, ಕುಡಿತವಾಗಿ ಬರುತ್ತದೆ. ಸರ್ಕಲ್ಲಿನಲ್ಲಿ ಆಟೋದವನ ಮೇಲೆ ಎಗರಿದ ಪೇದೆಯ ಮನಸ್ಸಿನೊಳಗೆ ಏನಿದೆಯೋ ಹೊರಗಿನಿಂದ ಹೇಳುವುದು ಕಷ್ಟ.

ನಿದ್ರೆಯ ಪಾತ್ರ ಇದರಲ್ಲಿ ದೊಡ್ಡದು. ಬೆಳಕು ಹರಿದಾಗ ಏಳು, ಕತ್ತಲಾದಾಗ ಮಲಗು ಎಂದು ದೇಹದೊಳಗೊಂದು ಗಡಿಯಾರವಿದೆ. ಈ ವಾರ ಹಗಲು, ಮುಂದಿನ ವಾರ ರಾತ್ರಿ, ನಡುವೆ ತುರ್ತು ಕರೆ ಎಂದು ಅದನ್ನು ತಿರುಗಿಸುತ್ತಲೇ ಇದ್ದರೆ ಅದು ಕೆಟ್ಟು ನಿಲ್ಲುತ್ತದೆ. ಸಿಟ್ಟು ಬೇಗ ಬರುತ್ತದೆ, ನೆನಪು ಕೈಕೊಡುತ್ತದೆ, ರಕ್ತದೊತ್ತಡ ಏರುತ್ತದೆ. ಇದರ ಮೇಲೆ ಅಪಘಾತದ ಹೆಣ ಎತ್ತುವುದು, ನೇಣಿನಿಂದ ಇಳಿಸುವುದು, ಸತ್ತ ಮಗುವಿನ ತಾಯಿಯ ಮುಂದೆ ಪಂಚನಾಮೆ ಬರೆಯುವುದು ಇವನ ದಿನದ ಕೆಲಸ. ನಮಗೆ ಅಂಥ ದೃಶ್ಯ ಒಂದು ಕಂಡರೆ ತಿಂಗಳು ನಿದ್ರೆ ಬರುವುದಿಲ್ಲ. ಅವನು ಕೈ ತೊಳೆದು ಮುಂದಿನ ಡ್ಯೂಟಿಗೆ ಹೋಗಬೇಕು.

ಪೊಲೀಸರಿಗೆ ಮಾತ್ರ ಬರುವ ರೋಗ ಇದೆಂದು ತಿಳಿಯಬೇಡಿ. ನಿಮ್ಹಾನ್ಸ್ ಸಂಸ್ಥೆಯೇ ಮುಂದೆ ನಿಂತು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಪ್ರತಿ 20 ಮಂದಿಯಲ್ಲಿ ಒಬ್ಬರಿಗೆ ಖಿನ್ನತೆ ಇದೆಯೆಂದು ಹೇಳಿತು. ಅಂಥವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಒಂದು ಬಸ್ಸಿನಲ್ಲಿ ಅರವತ್ತು ಜನ ಕೂತು ನಿಂತಿದ್ದರೆ ಮೂವರ ಲೆಕ್ಕ. ಸಾಮಾನ್ಯ ಜನರಲ್ಲೇ ಹೀಗಿದ್ದರೆ 14 ಗಂಟೆ ನಿಂತು ದುಡಿಯುವವರ ಕತೆ ಊಹಿಸಿ.

ವಾಸಿಯಾಗುವ ರೋಗ ಇದು. ಆಪ್ತ ಸಲಹೆ, ಬೇಕಾದರೆ ಮಾತ್ರೆ, ಜೊತೆಗೆ ನಿದ್ರೆ, ರಜೆ. ಮಾತ್ರೆ ನುಂಗಿದ ಮರುದಿನವೇ ಗುಣ ಕಾಣುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಅಷ್ಟರಲ್ಲಿ "ಏನೂ ಆಗ್ಲಿಲ್ಲ ಬಿಡ್ರೀ" ಎಂದು ಬಿಟ್ಟುಬಿಡುವವರೇ ಹೆಚ್ಚು. ಸಕ್ಕರೆ ಕಾಯಿಲೆಗೆ, ಬಿಪಿಗೆ ಮಾತ್ರೆ ತಿನ್ನುವಾಗ ಇಲ್ಲದ ನಾಚಿಕೆ ಇದಕ್ಕೆ ಏಕೆ?

'ಪೊಲೀಸರೂ ಮನುಷ್ಯರೇ'

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಐಪಿಎಲ್ ಗೆದ್ದದ್ದು ಎಲ್ಲರಿಗೂ ನೆನಪಿದೆ. ನಗರವೆಲ್ಲ ಪಟಾಕಿ, ಬೈಕು, ಕುಣಿತ. ಬೀದಿಗಳಲ್ಲಿದ್ದ ಪೊಲೀಸರು ಬೆಳಗಿನ ಜಾವದವರೆಗೆ ಕಣ್ಣು ಮುಚ್ಚಲಿಲ್ಲ. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಕಾಲ್ತುಳಿತದಲ್ಲಿ 11 ಜೀವ ಹೋಯಿತು. ಆ ಮನೆಗಳ ದುಃಖಕ್ಕೆ ಯಾವ ಸಮಾಧಾನವೂ ಸಾಲದು. 5ರಂದು ಪೊಲೀಸ್ ಕಮಿಷನರ್ ಬಿ. ದಯಾನಂದ ಸೇರಿದಂತೆ ಹಲವು ಅಧಿಕಾರಿಗಳು ಸಸ್ಪೆಂಡ್ ಆದರು.

ಅವರಲ್ಲಿ ಒಬ್ಬ ಅಧಿಕಾರಿ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಯ ಮೊರೆ ಹೋದರು. ಜುಲೈ 1ರಂದು ಮಂಡಳಿ ಆ ಅಮಾನತನ್ನು ರದ್ದು ಮಾಡಿತು. ಪೊಲೀಸರೂ ಮನುಷ್ಯರೇ, ದೇವರೂ ಅಲ್ಲ, ಮಾಂತ್ರಿಕರೂ ಅಲ್ಲ, ಅಲ್ಲಾವುದ್ದೀನನ ದೀಪ ಅವರ ಕೈಲಿಲ್ಲ ಎಂಬ ಅರ್ಥದ ಮಾತನ್ನು ಮಂಡಳಿ ತನ್ನ ಆದೇಶದಲ್ಲೇ ಬರೆಯಿತು. ಯಾರ ತಪ್ಪು ಎಷ್ಟು ಎಂಬುದು ಬೇರೆ ಚರ್ಚೆ. ಆದರೆ ಪೊಲೀಸರು ಮನುಷ್ಯರು ಎಂಬುದನ್ನು ಒಂದು ನ್ಯಾಯಪೀಠ ಕೂತು ಕಾಗದದ ಮೇಲೆ ಬರೆಯಬೇಕಾಗಿ ಬಂತಲ್ಲ!

ಆಗದ ಕೆಲಸವೇನಲ್ಲ

ಎಂಟು ಗಂಟೆ ಡ್ಯೂಟಿ ಎಂದರೆ ಮೇಲಿನವರು ತಕ್ಷಣ "ಜನ ಎಲ್ಲಿದ್ದಾರೆ?" ಎನ್ನುತ್ತಾರೆ. ಮುಂಬೈಯಲ್ಲೂ ಅದೇ ಮಾತಿತ್ತು. 2016ರಲ್ಲಿ ಅಲ್ಲಿನ ದೇವನಾರ್ ಠಾಣೆಯ ಕೆಳದರ್ಜೆಯ ಸಿಬ್ಬಂದಿಯೊಬ್ಬರು ಇರುವ ಜನರಲ್ಲೇ ಮೂರು ಪಾಳಿ ಹೇಗೆ ಮಾಡಬಹುದೆಂದು ತಾವೇ ಲೆಕ್ಕ ಹಾಕಿ, ಆಗಿನ ಕಮಿಷನರ್ ದತ್ತಾತ್ರೇಯ ಪಡಸಲಗೀಕರ್ ಅವರ ಮುಂದಿಟ್ಟರು. ಕಮಿಷನರು "ನಿನಗೇನು ಗೊತ್ತು" ಎನ್ನಲಿಲ್ಲ. ಮೊದಲು ಅದೇ ಠಾಣೆಯಲ್ಲಿ ಮಾಡಿ ನೋಡಿದರು, ಆಮೇಲೆ ಬೇರೆ ಠಾಣೆಗಳಿಗೆ ಹಬ್ಬಿಸಿದರು. ದಾರಿ ಹೇಳಿದವನು ಸರ್ಕಲ್ಲಿನಲ್ಲಿ ನಿಲ್ಲುವವನೇ. ಕೇಳಿಸಿಕೊಳ್ಳುವ ಕಿವಿಯೊಂದು ಮೇಲಿತ್ತು, ಅಷ್ಟೆ. ಜಯನಗರ, ಜೆ.ಪಿ. ನಗರ, ಬನಶಂಕರಿ ಠಾಣೆಗಳಲ್ಲಿ ಇಂಥ ಲೆಕ್ಕ ಹಾಕಬಲ್ಲ ಪೇದೆ ಒಬ್ಬನೂ ಇರಲಾರನೇ?

ಇನ್ನು ಚಿಕಿತ್ಸೆ. ಹೊಸೂರು ರಸ್ತೆಯ ಗೇಟು ದಾಟಲು ಸಂಕೋಚವಾದರೆ ಬಿ.ಟಿ.ಎಂ. ಲೇಔಟಿನ ಮೊದಲನೇ ಹಂತದಲ್ಲಿ ನಿಮ್ಹಾನ್ಸ್‌ನದೇ ಯೋಗಕ್ಷೇಮ ಕೇಂದ್ರವಿದೆ. ಮನೆಗಳ ನಡುವೆ ಇರುವುದರಿಂದ ಆಸ್ಪತ್ರೆಗೆ ಹೋದಂತೆಯೂ ಅನಿಸದು. ಮನೋರೋಗದ ಬಗ್ಗೆ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದು ಜನಸಾಮಾನ್ಯರ ಭಯ ಬಿಡಿಸಿದ ಡಾ. ಸಿ.ಆರ್. ಚಂದ್ರಶೇಖರ್ ನಿಮ್ಹಾನ್ಸ್‌ನಲ್ಲೇ ದುಡಿದವರು. ಎಲ್ಲಿಗೂ ಹೋಗಲಾಗದಿದ್ದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ; ದಿನದ 24 ಗಂಟೆಯೂ ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಬೀಟಿನ ನಡುವೆ ಎರಡು ಗಂಟೆಗೂ ಮಾಡಬಹುದು. ರೋಗಿಯ ವಿವರ ಗುಟ್ಟಾಗಿರಬೇಕೆಂದು 2017ರ ಕಾಯ್ದೆಯ 23ನೇ ಕಲಮು ಹೇಳುತ್ತದೆ. ಕಾನೂನು ಜಾರಿ ಮಾಡುವವರಿಗೆ ಈ ಕಾನೂನು ತಮ್ಮದೂ ಹೌದು ಎಂದು ತಿಳಿದಿರಬೇಕು.

ಇಲಾಖೆ ಮಾಡಬೇಕಾದ್ದು ಬಹಳವಿಲ್ಲ. ವಾರದ ರಜೆ ಹಾಳೆಯ ಮೇಲೆ ಇದ್ದರೆ ಸಾಲದು, ಮನೆಗೂ ಬರಬೇಕು. ಚಿಕಿತ್ಸೆ ಪಡೆದವನಿಗೆ ಅದೇ ಕಾರಣಕ್ಕೆ ಹುದ್ದೆಯಲ್ಲಿ ಪೆಟ್ಟು ಬೀಳುವುದಿಲ್ಲ ಎಂದು ಹಾಜರಿಯ ಹೊತ್ತಿನಲ್ಲಿ ಇನ್ಸ್‌ಪೆಕ್ಟರೇ ಬಾಯಿಬಿಟ್ಟು ಹೇಳಬೇಕು. ಒಬ್ಬ ಇನ್ಸ್‌ಪೆಕ್ಟರು "ನಾನೂ ಡಾಕ್ಟರ ಹತ್ರ ಹೋಗಿ ಬಂದೆ ಕಣ್ರಯ್ಯ" ಎಂದುಬಿಟ್ಟರೆ ನೂರು ಸುತ್ತೋಲೆ ಮಾಡದ ಕೆಲಸ ಅದು ಮಾಡುತ್ತದೆ.

ಜೊತೆಗಾರರ ಪಾಲೂ ಇದೆ. ನಗುತ್ತಿದ್ದವನು ಮೂಲೆ ಹಿಡಿದರೆ, ದಿನಾ ಕುಡಿದು ಬರತೊಡಗಿದರೆ, ತನ್ನ ಸಾಮಾನು ಹಂಚತೊಡಗಿದರೆ, "ನಾನಿಲ್ದಿದ್ರೆ ಎಲ್ರೂ ಆರಾಮಾಗಿರ್ತೀರ" ಎಂದರೆ ತಮಾಷೆ ಎಂದು ಬಿಡಬಾರದು. ಪಕ್ಕಕ್ಕೆ ಕರೆದು ನೇರವಾಗಿ ಕೇಳಬೇಕು: "ಸಾಯೋ ಯೋಚನೆ ಏನಾದ್ರೂ ಬರ್ತಿದೆಯೇನೋ?" ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೇಳಿದರೆ ಎದೆಯ ಭಾರ ಇಳಿಯುತ್ತದೆ ಎಂದೇ ವೈದ್ಯರು ಹೇಳುತ್ತಾರೆ. ಆಮೇಲೆ ಒಂಟಿಯಾಗಿ ಬಿಡದೆ, ಬಂದೂಕಿನ ಡ್ಯೂಟಿಗೆ ಹಾಕದೆ, ಜೊತೆಗೆ ಹೋಗಿ ವೈದ್ಯರ ಮುಂದೆ ಕೂರಿಸಬೇಕು. ಊರವರನ್ನು ಹೊಯ್ಸಳದಲ್ಲಿ ಕರೆದೊಯ್ದವರಿಗೆ ಪಕ್ಕದ ಮೇಜಿನ ಗೆಳೆಯನನ್ನು ಕರೆದೊಯ್ಯುವುದು ಕಷ್ಟವೇ?

ಸಾರ್ವಜನಿಕರಿಗೂ ಒಂದು ಮಾತು. ತಪ್ಪು ಮಾಡಿದ ಪೊಲೀಸನನ್ನು ಪ್ರಶ್ನಿಸಬೇಕು, ದೂರು ಕೊಡಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಬಿಸಿಲಲ್ಲಿ ನಿಂತವನಿಗೆ ಅಂಗಡಿಯಿಂದ ಒಂದು ಲೋಟ ನೀರು, ಮಹಿಳಾ ಪೇದೆಗೆ "ಒಳಗೆ ಬಾತ್‌ರೂಮ್ ಇದೆ ಬಾರಮ್ಮ" ಎಂಬ ಒಂದು ಮಾತು, ಇದಕ್ಕೆ ಖರ್ಚೇನಿಲ್ಲ.

ಒಂಬತ್ತು ಗಂಟೆಗೆ ಬನಶಂಕರಿಯಲ್ಲಿ ಅಂಗಡಿಗಳ ಷಟರ್ ಇಳಿಯುತ್ತವೆ. ಬಸ್ಸಿನವರು ಮನೆ ಸೇರುತ್ತಾರೆ. ಆ ಪೇದೆ ಇನ್ನೂ ಅಲ್ಲೇ ಇದ್ದಾನೆ. ಅವನ ಹೆಂಡತಿ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಾಳೆ. ಎಲ್ಲರ ದೂರು ಬರೆದುಕೊಳ್ಳುವವನ ದೂರನ್ನು ಇವತ್ತು ರಾತ್ರಿ ಅವಳಾದರೂ ಕೇಳಿಸಿಕೊಂಡಾಳು. ನಾಳೆ ಬೆಳಿಗ್ಗೆ ಇಲಾಖೆಯೂ ಕೇಳಿಸಿಕೊಳ್ಳಲಿ.